ಅಪ್ಪ ಮಿಲಿಟ್ರಿಲಿದ್ರು ಅಂತ ಊರಿಗೆಲ್ಲ ಗೊತ್ತು, ತಾಲೂಕು ಆಫೀಸಿಗೆ ಯಾಕೆ ಗೊತ್ತಿಲ್ಲ?

ಪ್ರಶ್ನೆ: ಸರ್ ನಮಸ್ತೆ. ನಮ್ದು ಅರಸೀಕೆರೆ ಹತ್ರ ಒಂದು ಹಳ್ಳಿ. ನಮ್ಮ ತಂದೆ 1988ರಲ್ಲಿ ಆರ್ಮಿಗೆ ಸೇರಿ ಎಎಸ್‌ಸಿಲಿ (ಆರ್ಮಿ ಸರ್ವಿಸ್ ಕೋರ್) ಡ್ರೈವರ್ ಆಗಿದ್ರು, 17 ವರ್ಷ ಸರ್ವಿಸ್ ಮಾಡಿ 2005ರಲ್ಲಿ ಬಂದ್ರು. ಪೆನ್ಷನ್ ಬರ್ತಿದೆ, ಕ್ಯಾಂಟೀನ್ ಕಾರ್ಡ್ ಇದೆ. ಮಾಜಿ ಸೈನಿಕರ ಕೋಟಾದಲ್ಲಿ ಜಮೀನಿಗೆ ಅರ್ಜಿ ಹಾಕೋಣ ಅಂತ ತಾಲೂಕು ಆಫೀಸಿಗೆ ಹೋದ್ರೆ ಕ್ಯಾಂಟೀನ್ ಕಾರ್ಡ್ ನಡೆಯಲ್ಲ, ಮಾಜಿ ಸೈನಿಕ ಅನ್ನೋದಕ್ಕೆ ಪ್ರೂಫ್ ತನ್ನಿ ಅಂದ್ರು. ಆರ್ಮಿ ಬಿಡೋವಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಟ್ರಂಕ್‌ನಲ್ಲಿ ಗೆದ್ದಲು ಹಿಡಿದು ಅರ್ಧ ಹೋಗಿದೆ. ಅಮ್ಮನ ಹೆಸರು ಆರ್ಮಿ ಪೇಪರ್‌ನಲ್ಲಿ ಜಯಮ್ಮ, ಆಧಾರ್‌ನಲ್ಲಿ ಜಯಲಕ್ಷ್ಮಿ. ತಂಗಿ ಹುಟ್ಟಿದ್ದು 2007ರಲ್ಲಿ, ಅವಳ ಹೆಸರು ಯಾವ ಮಿಲಿಟ್ರಿ ಪೇಪರ್‌ನಲ್ಲೂ ಇಲ್ಲ, ಸಿಇಟಿಗೆ ಸರ್ಟಿಫಿಕೇಟ್ ಬೇಕು. ನನಗೆ ಮದುವೆ ಆಗಿದೆ, ನನಗೂ ಅವಲಂಬಿತರ ಕಾರ್ಡ್ ಸಿಗುತ್ತಾ? ಇನ್ನೊಂದು, ನಮ್ಮ ಅತ್ತೆ ಮಗ 9 ವರ್ಷ ಆರ್ಮಿಲಿದ್ದು ಮನೆ ಕಷ್ಟಕ್ಕೆ ಬಿಟ್ಟು ಬಂದ, ಡಿಸ್ಚಾರ್ಜ್ ಬುಕ್ ನೀಟಾಗಿದೆ, ಆದ್ರೂ ಬ್ಯಾಂಕ್ ಕೆಲಸದ ವೆರಿಫಿಕೇಶನ್‌ನಲ್ಲಿ ನೀನು ಮಾಜಿ ಸೈನಿಕ ಅಲ್ಲ ಅಂತ ವಾಪಸ್ ಕಳಿಸಿದ್ರು. ಚಿಕ್ಕಪ್ಪ ಬಿಎಸ್‌ಎಫ್‌ನಲ್ಲಿದ್ರು, ಅವರದ್ದೂ ಇದೇ ಕಥೆ. ಇಷ್ಟೆಲ್ಲ ಕಂಪ್ಯೂಟರ್ ಇರೋ ಕಾಲದಲ್ಲಿ ಗೌರ್ಮೆಂಟ್‌ಗೆ ತನ್ನ ಸೈನಿಕ ಯಾರು ಅಂತ ಗೊತ್ತಿಲ್ವಾ ಸರ್?

ಉತ್ತರ:

ಮೊದ್ಲು ಸಮಾಧಾನದ ಮಾತು ಹೇಳ್ಬಿಡ್ತೀನಿ ತಾಯಿ. ನಿಮ್ಮ ತಂದೆ ಮಾಜಿ ಸೈನಿಕರೇ, ಸರ್ವಿಸ್ ಪೆನ್ಷನ್ ಬರ್ತಿದೆ ಅಂದ್ಮೇಲೆ ಆ ಪ್ರಶ್ನೆ ಅಲ್ಲಿಗೇ ಮುಗೀತು, ಗೆದ್ದಲು ತಿಂದಿರೋದು ಪುಸ್ತಕಾನ ಹೊರತು ಅವರ ಸರ್ವಿಸನ್ನಲ್ಲ. ನಿಮ್ಮ ಮನೆಯ ಬಾಕಿ ತೊಡಕೆಲ್ಲ ಬಿಡಿಸಬಹುದಾದದ್ದೇ, ಒಂದೆರಡಕ್ಕೆ ಟೈಮ್ ಹಿಡಿಯುತ್ತೆ ಅಷ್ಟೆ. ಕಷ್ಟ ಇರೋದು ನಿಮ್ಮ ಅತ್ತೆ ಮಗಂದು, ಅದನ್ನ ಮುಂದೆ ಹೇಳ್ತೀನಿ.

ನಾನು ಆರ್ಮಿಲಿ ಕ್ಲರ್ಕ್ ಆಗಿದ್ದವನು, ಒಂಬತ್ತು ವರ್ಷ ರೆಕಾರ್ಡ್ ಆಫೀಸಲ್ಲೇ ಕೂತಿದ್ದೆ, ರಿಟೈರ್ ಆದ್ಮೇಲೆ ಸೈನಿಕ ಕಲ್ಯಾಣ ಕಚೇರಿಲಿ ವೆಲ್‌ಫೇರ್ ಆರ್ಗನೈಸರ್ ಆಗಿ ಕೆಲಸ ಮಾಡ್ದೆ. ಅಂದ್ರೆ ಕಾಗದ ಹುಟ್ಟೋ ಜಾಗಾನೂ ನೋಡಿದೀನಿ, ಆ ಕಾಗದ ಹಿಡ್ಕೊಂಡು ಜನ ಅಲೆಯೋ ಜಾಗಾನೂ ನೋಡಿದೀನಿ. ನೀವು ಕೊನೇಲಿ ಕೇಳಿದೀರಲ್ಲ, ಗೌರ್ಮೆಂಟ್‌ಗೆ ಗೊತ್ತಿಲ್ವಾ ಅಂತ, ಅದನ್ನ ನನ್ನ ಟೇಬಲ್ ಮುಂದೆ ನಿಂತು ಕೇಳದೇ ಇರೋರು ಕಮ್ಮಿ.

ಗೊತ್ತಿದೆ, ಆದ್ರೆ ಗೊತ್ತಿರೋ ಗೌರ್ಮೆಂಟೇ ಬೇರೆ ನೀವು ಹೋಗಿ ಕೇಳ್ತಿರೋ ಗೌರ್ಮೆಂಟೇ ಬೇರೆ. ಆಧಾರ್‌ನಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೋ, ಬೆರಳಚ್ಚು, ಕಣ್ಣಿನ ಗುರುತು ಇಷ್ಟಿರುತ್ತೆ, ಇವರು ಸೈನ್ಯದಲ್ಲಿದ್ರು ಅಂತ ಬರೆಯೋಕೆ ಅಲ್ಲಿ ಜಾಗಾನೇ ಇಲ್ಲ. ತಹಶೀಲ್ದಾರ್ ಆಫೀಸಿನ ಕಂಪ್ಯೂಟರ್‌ನಲ್ಲಿ ಪಹಣಿ ಇದೆ, ಜಾತಿ ಆದಾಯ ಪ್ರಮಾಣಪತ್ರ ಇದೆ, ನಿಮ್ಮಪ್ಪ ಮಿಲಿಟ್ರಿ ಗಾಡಿ ಓಡಿಸಿದ್ದು ಅದರಲ್ಲಿಲ್ಲ. ಒಬ್ಬ ಸಿಪಾಯಿಯ ಪೂರ್ತಿ ಚರಿತ್ರೆ ಇರೋದು ಅವನ ರೆಜಿಮೆಂಟ್ ಇಲ್ಲಾ ಕೋರ್‌ನ ರೆಕಾರ್ಡ್ ಆಫೀಸಲ್ಲಿ. ಅದು ಡೆಲ್ಲಿಲಿ ಒಂದೇ ಕಡೆ ಇರಲ್ಲ, ಮದ್ರಾಸ್ ರೆಜಿಮೆಂಟಿಂದು ವೆಲ್ಲಿಂಗ್ಟನ್‌ನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿದು ನಮ್ಮ ಬೆಳಗಾವಿಲಿ, ಆರ್ಟಿಲರಿದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ದು ಜಬಲ್‌ಪುರದಲ್ಲಿ, ಗಾಡಿ ಮೆಷಿನ್ ರಿಪೇರಿ ಮಾಡೋ ಇಎಂಇದು ಸಿಕಂದರಾಬಾದ್‌ನಲ್ಲಿ, ಹಿಂಗೆ ದೇಶದ ತುಂಬ ಹರಡಿದೆ. ಏರ್‌ಫೋರ್ಸ್‌ನವರದ್ದು ಡೆಲ್ಲಿ ಸುಬ್ರೊತೊ ಪಾರ್ಕ್, ನೇವಿ ಸೇಲರ್‌ಗಳದ್ದು ಮುಂಬೈ. ನಿಮ್ಮ ಅದೃಷ್ಟ, ಎಎಸ್‌ಸಿ ಸೌತ್ ರೆಕಾರ್ಡ್ಸ್ ಬೆಂಗಳೂರಲ್ಲೇ ಇದೆ.

ಆ ಫೈಲಿಂದ ಎರಡು ಕಾಗದ ಹೊರಗೆ ಬರುತ್ತೆ, ಒಂದು ಡಿಸ್ಚಾರ್ಜ್ ಬುಕ್, ಇನ್ನೊಂದು ಪಿಪಿಒ ಅಂದ್ರೆ ಪೆನ್ಷನ್ ಪೇಮೆಂಟ್ ಆರ್ಡರ್. ಪಿಪಿಒ ಬರೆಯೋದು ರೆಕಾರ್ಡ್ ಆಫೀಸ್ ಕಳಿಸಿದ ಲೆಕ್ಕ ನೋಡ್ಕೊಂಡು ಪ್ರಯಾಗ್‌ರಾಜ್‌ನಲ್ಲಿರೋ ಡಿಫೆನ್ಸ್ ಅಕೌಂಟ್ಸ್‌ನವರು, ನಿಮ್ಮಪ್ಪ ಬಂದಾಗ ಅದು ಇನ್ನೂ ಅಲಹಾಬಾದು. ಈ ಎರಡನ್ನೂ ತಗೊಂಡು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿದ್ರೆ ಅವರು ಮಾಜಿ ಸೈನಿಕರ ಗುರುತಿನ ಚೀಟಿ ಕೊಡ್ತಾರೆ, ಮಿಕ್ಕ ಇಲಾಖೆಗಳೆಲ್ಲ ನಂಬೋದು ಆ ಚೀಟಿನ, ಇಲ್ಲಾ ಆ ಕಚೇರಿ ಕೊಡೋ ಸರ್ಟಿಫಿಕೇಟನ್ನ. ನಿಮ್ಮ ತಂದೆ ಇಪ್ಪತ್ತು ವರ್ಷದಲ್ಲಿ ಒಂದ್ಸಲಾನೂ ಆ ಕಚೇರಿ ಮೆಟ್ಟಿಲು ಹತ್ತಿಲ್ಲ ಅಂತ ನಿಮ್ಮ ಪ್ರಶ್ನೆ ಓದಿದ್ರೆ ಅನ್ಸುತ್ತೆ. ಬೈಯ್ತಾ ಇಲ್ಲ, ಬಹಳ ಜನ ಹಂಗೇನೆ, ಪೆನ್ಷನ್ ಬರ್ತಿದೆ ಕ್ಯಾಂಟೀನ್ ಸಾಮಾನು ಸಿಗ್ತಿದೆ ಇನ್ನೇನು ಬೇಕು ಅಂತ ಇದ್ದುಬಿಡ್ತಾರೆ, ಮಕ್ಕಳ ಸೀಟು ಜಮೀನು ಅಂತ ಬಂದಾಗ ಓಡಾಟ ಶುರು.

ಕ್ಯಾಂಟೀನ್ ಕಾರ್ಡ್ ಬೇಡ ಅಂದಿದ್ದು ತಾಲೂಕು ಆಫೀಸಿನವರ ಸೊಕ್ಕು ಅಂತ ಅನ್ಕೋಬೇಡಿ, ಅವರು ಹೇಳಿದ್ದು ಸರಿ. ಆ ಕಾರ್ಡು ಸಾಮಾನು ತಗೊಳ್ಳೋಕೆ ಮಾತ್ರ. ಸರ್ವಿಸ್‌ನಲ್ಲಿ ಇರೋರಿಗೂ ಕೊಡ್ತಾರೆ, ವಿಧವೆಯರಿಗೂ ಕೊಡ್ತಾರೆ, ಅದನ್ನ ನೋಡಿ ಈ ಮನುಷ್ಯ ಯಾವಾಗ ಹೆಂಗೆ ಸೈನ್ಯದಿಂದ ಹೊರಗೆ ಬಂದ ಅಂತ ಹೇಳೋಕಾಗಲ್ಲ. ಮಾಜಿ ಸೈನಿಕರ ಚಿಕಿತ್ಸೆ ಸ್ಕೀಮಿನ ಇಸಿಎಚ್‌ಎಸ್ ಕಾರ್ಡೂ ಅಷ್ಟೆ, ಆಸ್ಪತ್ರೆಗೆ ಮಾತ್ರ. ಇದೇ ಮಾತಲ್ಲಿ ಟೋಲ್ ವಿಷಯಾನೂ ಹೇಳ್ಬಿಡ್ತೀನಿ, ಮಾಜಿ ಸೈನಿಕರ ಕಾರ್ಡ್ ತೋರಿಸಿದ್ರೆ ಹೈವೇ ಟೋಲ್ ಫ್ರೀ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಲ್ಲ, ಅದು ಸುಳ್ಳು. ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ, ಕೀರ್ತಿ, ವೀರ, ಶೌರ್ಯ ಚಕ್ರ ಪಡೆದವರಿಗೆ ವಿನಾಯಿತಿ ಇದೆ, ಬರೀ ಮಾಜಿ ಸೈನಿಕ ಅನ್ನೋ ಕಾರಣಕ್ಕೆ ಇಲ್ಲ. ಟೋಲ್ ಬೂತಲ್ಲಿ ಜಗಳ ಆಡಿ ವಿಡಿಯೋ ಹಾಕೋರನ್ನ ನೋಡಿದ್ರೆ ನಂಗೆ ನಾಚಿಕೆ ಆಗುತ್ತೆ, ಇರಲಿ.

ಈಗ ನಿಮ್ಮ ಅತ್ತೆ ಮಗನ ವಿಷಯ. ಇಲ್ಲೇ ಜನ ಎಡವೋದು ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಯೂನಿಫಾರ್ಮ್ ಹಾಕಿ ದೇಶ ಕಾಯ್ದವರೆಲ್ಲ ಮಾಜಿ ಸೈನಿಕರು ಅನ್ನೋದು ಊರಿನ ಲೆಕ್ಕ, ಕಾನೂನಿನ ಲೆಕ್ಕ ಅದಲ್ಲ. ಕೇಂದ್ರ ಸರ್ಕಾರದ 1979ರ ನಿಯಮ ಇದೆ, 2012ರಲ್ಲಿ ಅದರ ವ್ಯಾಖ್ಯಾನ ತಿದ್ದಿದ್ರು, ಬ್ಯಾಂಕು ರೈಲ್ವೆ ಎಲ್ಲ ನೋಡೋದು ಅದನ್ನೇ. ಅದರ ಪ್ರಕಾರ ಆರ್ಮಿ, ನೇವಿ, ಏರ್‌ಫೋರ್ಸ್‌ನ ರೆಗ್ಯುಲರ್ ಸರ್ವಿಸ್‌ನಲ್ಲಿದ್ದು ಪೆನ್ಷನ್ ಗಳಿಸಿ ಬಂದಿರಬೇಕು. ಇಲ್ಲಾ ಸರ್ವಿಸಿಂದಾಗಿ ಬಂದ ಕಾಯಿಲೆಗೋ ಗಾಯಕ್ಕೋ ಮೆಡಿಕಲ್ ಮೇಲೆ ಕಳಿಸಿ ಡಿಸೆಬಿಲಿಟಿ ಪೆನ್ಷನ್ ಕೊಟ್ಟಿರಬೇಕು. ಸೈನ್ಯಾನೇ ಆಳು ಕಮ್ಮಿ ಮಾಡೋವಾಗ ಮನೆಗೆ ಕಳಿಸಿದ್ರೂ ಆಗುತ್ತೆ. ಇನ್ನು ಇಂತಿಷ್ಟು ವರ್ಷ ಅಂತ ಒಪ್ಪಂದದ ಮೇಲೆ ಸೇರಿ ಅದನ್ನ ಪೂರ್ತಿ ಮುಗಿಸಿ ಗ್ರಾಚ್ಯುಟಿ ತಗೊಂಡು ಬಂದವರು, ಶಾರ್ಟ್ ಸರ್ವಿಸ್ ಆಫೀಸರ್‌ಗಳು ಬರೋದು ಇದ್ರಲ್ಲಿ. ಟೆರಿಟೋರಿಯಲ್ ಆರ್ಮಿಯವರಿಗೆ, ಆರ್ಮಿ ಪೋಸ್ಟಲ್‌ನವರಿಗೆ ಬೇರೆ ಷರತ್ತುಗಳಿವೆ. ಸಿಪಾಯಿಗೆ ಪೆನ್ಷನ್ ಬರ್ಬೇಕಂದ್ರೆ 15 ವರ್ಷ, ಆಫೀಸರ್‌ಗೆ 20 ವರ್ಷ. ನಿಮ್ಮ ತಂದೆ 17 ಮುಗಿಸಿದಾರೆ. ಅತ್ತೆ ಮಗ 9ಕ್ಕೆ ಬಂದ, ತಾನಾಗೇ ಕೇಳ್ಕೊಂಡು ಬಂದ.

ಡಿಸ್ಚಾರ್ಜ್ ಬುಕ್ ಕೈಲಿದ್ರೆ ಜನ ನೋಡೋದು ಫೋಟೋ ಪುಟಾನ, ಮೆಡಲ್ ಪುಟಾನ. ವೆರಿಫಿಕೇಶನ್‌ಗೆ ಕೂತಿರೋ ಆಫೀಸರ್ ಸೀದಾ ಹೋಗೋದು ಡಿಸ್ಚಾರ್ಜ್‌ಗೆ ಕಾರಣ ಅನ್ನೋ ಕಾಲಂಗೆ. ಆರ್ಮಿ ರೂಲ್ಸ್ 1954ರ 13ನೇ ನಿಯಮದಲ್ಲಿ ಆ ಕಾರಣಗಳೆಲ್ಲ ಇವೆ. ಆನ್ ಫುಲ್‌ಫಿಲ್ಲಿಂಗ್ ದಿ ಕಂಡಿಷನ್ಸ್ ಆಫ್ ಎನ್‌ರೋಲ್‌ಮೆಂಟ್ ಅಂತ ಇದ್ರೆ ಸೇರೋವಾಗ ಒಪ್ಕೊಂಡಿದ್ದ ಅವಧಿ ಮುಗಿಸಿದ ಅಂತ ಅರ್ಥ, ಇದು ನಿಮ್ಮ ತಂದೆದು ಇರ್ಬೇಕು. ಅಟ್ ಹಿಸ್ ಓನ್ ರಿಕ್ವೆಸ್ಟ್ ಬಿಫೋರ್ ಫುಲ್‌ಫಿಲ್ಲಿಂಗ್ ಅಂತ ಇದ್ರೆ ಅವಧಿಗೆ ಮುಂಚೆ ತಾನೇ ಬಿಟ್ಟ ಅಂತ, ಪೆನ್ಷನ್ ಆದ್ಮೇಲೆ ಹಂಗೆ ಬಂದ್ರೆ ತೊಂದ್ರೆ ಇಲ್ಲ, ಪೆನ್ಷನ್‌ಗೆ ಮುಂಚೆ ಬಂದ್ರೆ ಮಾಜಿ ಸೈನಿಕ ಅನ್ನೋ ಪಟ್ಟ ಸಿಗಲ್ಲ. ಸರ್ವಿಸಸ್ ನೋ ಲಾಂಗರ್ ರಿಕ್ವೈರ್ಡ್, ಅಂದ್ರೆ ನಿನ್ನ ಸೇವೆ ಇನ್ನು ಬೇಡ ಅಂತ ಇದ್ರೆ ಇನ್ನೂ ಕಷ್ಟ, ಅದು ಸಾಮಾನ್ಯವಾಗಿ ಶಿಸ್ತಿನ ಕೇಸು. ಕ್ಯಾರೆಕ್ಟರ್ ಕಾಲಂನಲ್ಲಿ ಎಕ್ಸೆಂಪ್ಲರಿ, ಅಂದ್ರೆ ಮಾದರಿ ನಡತೆ ಅಂತ ಬರೆದಿದ್ರೂ ಕಾರಣದ ಕಾಲಂ ಬದಲಾಗಲ್ಲ. ನಿಮ್ಮ ಅತ್ತೆ ಮಗನ ಪುಸ್ತಕ ನೀಟಾಗಿದೆ ಅಂದ್ರಲ್ಲ, ನೀಟಾಗಿರೋದ್ರಿಂದಾನೇ ಅವರಿಗೆ ಒಂದು ನಿಮಿಷದಲ್ಲಿ ಗೊತ್ತಾಗಿದೆ.

ಅನ್ಯಾಯ ಅನ್ಸುತ್ತೆ, ಒಂಬತ್ತು ವರ್ಷ ಸಣ್ಣ ಮಾತಲ್ಲ. ಆದ್ರೆ ಈ ಸವಲತ್ತು ಯಾಕೆ ಹುಟ್ತು ಅಂತ ನೋಡಿದ್ರೆ ಅರ್ಥ ಆಗುತ್ತೆ. ಸೈನ್ಯ ಯಾವಾಗ್ಲೂ ಹರೆಯದ್ದಾಗೇ ಇರ್ಬೇಕು, ಅದಕ್ಕೆ ಹದಿನೆಂಟು ಹತ್ತೊಂಬತ್ತಕ್ಕೆ ತಗೊಂಡವರನ್ನ ಮೂವತ್ತೈದು ಮೂವತ್ತಾರಕ್ಕೆ ಸಾಕು ಮನೆಗೆ ಹೋಗು ಅಂತ ಕಳಿಸಿಬಿಡುತ್ತೆ. ಬೇರೆ ಸರ್ಕಾರಿ ನೌಕರ ಅರವತ್ತರವರೆಗೆ ಸಂಬಳ ಎಣಿಸೋವಾಗ ಇವನು ಮಕ್ಕಳು ಸ್ಕೂಲಲ್ಲಿ ಇರೋವಾಗ್ಲೇ ಪೆನ್ಷನ್ನಿಗ. ಇದಕ್ಕೆ ಪರಿಹಾರ ಅಂತ ಮಾಡಿದ್ದು ಪುನರ್ವಸತಿ, ಇಲಾಖೆ ಹೆಸರಲ್ಲೇ ಆ ಪದ ಇದೆ ನೋಡಿ. ಹಂಗಾಗಿ ಗೌರ್ಮೆಂಟ್ ಕೇಳೋದು ನೀನು ಎಷ್ಟು ಕಷ್ಟಪಟ್ಟೆ, ಯಾವ ಬೆಟ್ಟದ ಮೇಲಿದ್ದೆ ಅಂತಲ್ಲ, ನೀನು ಮನೆಗೆ ಹೆಂಗೆ ಬಂದೆ ಅಂತ. ನಾನು ಇದನ್ನ ಟೇಬಲ್ ಈಚೆಯಿಂದ ನೂರಾರು ಸಲ ಹೇಳಿದೀನಿ, ಎದುರಿಗಿರೋರ ಮುಖ ಸಣ್ಣಗಾಗಿದ್ದೂ ನೋಡಿದೀನಿ.

ಹಂಗಾದ್ರೆ ಅವನು ಏನು ಮಾಡ್ಬೇಕು? ಒಂದು, ಮನೆ ಕಷ್ಟಕ್ಕೆ ಬಂದೆ ಅಂತ ಅವನು ಹೇಳೋದು ಸರಿ, ಆದ್ರೆ ಪುಸ್ತಕದಲ್ಲಿ ಏನಿದೆ ಅಂತ ಇನ್ನೊಂದ್ಸಲ ಓದ್ಲಿ, ಮೆಡಿಕಲ್ ಬೋರ್ಡ್ ಮೂಲಕ ಬಂದಿದ್ದು ಡಿಸೆಬಿಲಿಟಿ ಪೆನ್ಷನ್ ಆಗಿದ್ರೆ ದಾರಿನೇ ಬೇರೆ. ಅದಿಲ್ಲ ಅಂದ್ರೆ ಇನ್ಮೇಲೆ ಯಾವ ಅರ್ಜಿಲೂ ಮಾಜಿ ಸೈನಿಕ ಅನ್ನೋ ಡಬ್ಬಿಗೆ ಟಿಕ್ ಹಾಕಬಾರ್ದು. ಹಾಕಿದ್ರೆ ವಯಸ್ಸಿನ ಸಡಿಲಿಕೆ ತೋರಿಸಿ ಅರ್ಜಿ ತಗೊಳ್ಳುತ್ತೆ, ಪರೀಕ್ಷೆ ಬರೀತಾನೆ, ಪಾಸಾಗ್ತಾನೆ, ಕೊನೇಲಿ ಕಾಗದ ನೋಡೋ ದಿನ ಎಲ್ಲ ನೀರಲ್ಲಿ ಹೋಮ. ಮೇಲಿಂದ ತಪ್ಪು ಮಾಹಿತಿ ಕೊಟ್ಟ ಅಂತ ಮುಂದಿನ ಪರೀಕ್ಷೆಗಳಿಗೂ ಕುತ್ತು ಬರಬಹುದು. ಜನರಲ್‌ನಲ್ಲೋ ಅವನ ಕೆಟಗರಿಲೋ ಹಾಕ್ಲಿ. ಡಿಸ್ಚಾರ್ಜ್ ಬುಕ್‌ನ ಅನುಭವದ ಪುರಾವೆ ಅಂತ ತೋರಿಸ್ಲಿ, ಪ್ರೈವೇಟ್ ಕಂಪ್ನಿಗಳಲ್ಲಿ ಅದಕ್ಕೆ ಬೆಲೆ ಇದೆ.

ಪೆನ್ಷನ್ ಇಲ್ದೆ ಬಂದವರು ಯಾರೂ ಮಾಜಿ ಸೈನಿಕರಲ್ಲ ಅಂತ ಇದನ್ನ ಓದಿದೋರು ಯಾರೂ ತಿಳ್ಕೋಬೇಡಿ. ತಾನಾಗೇ ಬಿಟ್ಟು ಬಂದ್ರೆ ಪೆನ್ಷನ್ ಬೇಕೇ ಬೇಕು ಅನ್ನೋ ಬಿಗಿ ಬಂದಿದ್ದು 1 ಜುಲೈ 1987 ಆದ್ಮೇಲೆ ಬಿಡುಗಡೆ ಆದವರಿಗೆ. ಅದಕ್ಕಿಂತ ಮುಂಚಿನವರಿಗೆ ಅವರು ಬಿಟ್ಟ ತಾರೀಖಿನ ಕಾಲದ ನಿಯಮ, ಅದು ಇಷ್ಟು ಕಠಿಣ ಇರಲಿಲ್ಲ. ಒಬ್ರು ತಾತ ಬಂದಿದ್ರು ನಮ್ಮ ಕಚೇರಿಗೆ, 71ರ ಯುದ್ಧದಲ್ಲಿದ್ದೆ ಅಂತಾರೆ, ಪುಸ್ತಕ ಇಲ್ಲ, ಪೆನ್ಷನ್ ಇಲ್ಲ, ನಂಬರ್ ಮರ್ತೋಗಿದೆ, ಮಗ ಅವರನ್ನ ಸುಮ್ಮನೆ ಸಮಾಧಾನ ಮಾಡೋಕೆ ಕರ್ಕೊಂಡು ಬಂದಿದ್ದ. ಒಂದು ಬಟ್ಟೆ ಗಂಟಲ್ಲಿ ಎರಡು ಮೆಡಲ್ ಇತ್ತು. ಮೆಡಲ್‌ನ ಅಂಚಲ್ಲಿ ನಂಬರು ಹೆಸರು ಕೊರೆದಿರ್ತಾರೆ, ಬಹಳ ಜನಕ್ಕೆ ಗೊತ್ತಿಲ್ಲ ಇದು. ಸ್ವಲ್ಪ ಉಜ್ಜಿ ಕನ್ನಡಕ ಹಾಕ್ಕೊಂಡು ನೋಡಿದ್ರೆ ನಂಬರ್ ಸಿಕ್ತು, ನಂಬರಿಂದ ಕೋರ್ ಗೊತ್ತಾಯ್ತು, ರೆಕಾರ್ಡ್ ಆಫೀಸಿಗೆ ಬರೆದ್ವಿ, ಎಂಟು ತಿಂಗಳಾದ್ಮೇಲೆ ಸರ್ವಿಸ್ ವಿವರ ಬಂತು. ತಾತ ಕಾರ್ಡ್ ತಗೊಂಡಾಗ ಸೆಲ್ಯೂಟ್ ಹೊಡೆದ್ರು, ನಾನು ಎದ್ದು ನಿಂತೆ. ಪೆನ್ಷನ್ ಇಲ್ಲದ ಇಂಥ ಬಡ ಹಿರಿಯರಿಗೆ ಹವಾಲ್ದಾರ್ ದರ್ಜೆವರೆಗೆ, 65 ದಾಟಿದ್ರೆ, ಕೇಂದ್ರೀಯ ಸೈನಿಕ ಬೋರ್ಡಿಂದ ತಿಂಗಳ ಸಹಾಯಧನ ಇದೆ. ನಿಮ್ಮೂರಲ್ಲಿ ಯಾರಾದ್ರೂ ಇದ್ರೆ ಹೇಳಿ.

ಚಿಕ್ಕಪ್ಪಂದು ಬೇಗ ಹೇಳ್ತೀನಿ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಎಲ್ಲ ಗೃಹ ಇಲಾಖೆ ಕೆಳಗೆ, ರಕ್ಷಣಾ ಇಲಾಖೆ ಅಲ್ಲ. ಗಡಿಲಿ ನಿಂತಿದ್ರೂ ಕಾನೂನಿನಲ್ಲಿ ಅವರು ಮಾಜಿ ಸೈನಿಕರಲ್ಲ. 2012ರ ನವೆಂಬರ್‌ನಲ್ಲಿ ಕೇಂದ್ರ ಅವರಿಗೆ ಮಾಜಿ ಸಿಎಪಿಎಫ್ (ಕೇಂದ್ರ ಸಶಸ್ತ್ರ ಪೊಲೀಸ್ ಪಡೆ) ಸಿಬ್ಬಂದಿ ಅಂತ ಬೇರೆ ಹೆಸರು ಕೊಟ್ಟು ರಾಜ್ಯಗಳು ಸವಲತ್ತು ಕೊಡಬಹುದು ಅಂತು. ಅದಕ್ಕೆ ಚಿಕ್ಕಪ್ಪ ಸೈನಿಕ ಕಲ್ಯಾಣ ಕಚೇರಿ ಸುತ್ತೋದು ದಂಡ, ಅವರ ಫೋರ್ಸ್‌ನ ಕಲ್ಯಾಣ ಮಂಡಳಿನೇ ಕೇಳ್ಬೇಕು. ಅಗ್ನಿವೀರರ ಬಗ್ಗೆ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ ಯಾಕಂದ್ರೆ ಈಗ ಮನೆಮನೆಗೂ ಇದೇ ಮಾತು, 2022ರ ಜೂನ್‌ನಲ್ಲಿ ಬಂದ ಆ ಸ್ಕೀಮ್‌ನಲ್ಲಿ ನಾಲ್ಕು ವರ್ಷ ಮುಗಿಸಿ ಬರೋರಿಗೆ ಪೆನ್ಷನ್ನೂ ಇಲ್ಲ ಮಾಜಿ ಸೈನಿಕ ಅನ್ನೋ ಸ್ಥಾನಾನೂ ಇಲ್ಲ, ಸೇವಾನಿಧಿ ದುಡ್ಡು, ಸ್ಕಿಲ್ ಸರ್ಟಿಫಿಕೇಟ್ ಇದೆ, ಒಳಗೆ ಉಳಿಯೋ ಕಾಲು ಭಾಗದವರದ್ದು ಬೇರೆ ಲೆಕ್ಕ.

ಸರಿ, ನಿಮ್ಮ ಮನೆಗೆ ಬರೋಣ. ಗೆದ್ದಲು ತಿಂದ ಪುಸ್ತಕಾನ ಎಸೀಬೇಡಿ, ಉಳಿದ ಪುಟಗಳನ್ನ ಹಂಗೇ ಫೋಟೋ ತೆಗೆದು ಇಟ್ಕೊಳ್ಳಿ. ಪುಸ್ತಕ ಪೂರ್ತಿ ಕಳೆದಿದ್ರೆ ಪೊಲೀಸ್ ಕಂಪ್ಲೇಂಟ್ ಬೇಕಾಗ್ತಿತ್ತು, ನಿಮ್ಮದು ಹಾಳಾಗಿರೋದು, ಅದಕ್ಕೆ ಏನಾಯ್ತು ಅಂತ ಬರೆದ ಅಫಿಡವಿಟ್ ಮಾಡಿಸಿ, ತಂದೆಯವರ ಅರ್ಜಿ, ಪಿಪಿಒ ಕಾಪಿ, ಆಧಾರ್ ಕಾಪಿ, ಹಾಳಾದ ಪುಟಗಳ ಕಾಪಿ ಎಲ್ಲ ಸೇರಿಸಿ ಜಿಲ್ಲಾ ಕಚೇರಿ ಮೂಲಕ ರೆಕಾರ್ಡ್ ಆಫೀಸಿಗೆ ಕಳಿಸಿ. ಹೊಸ ಪುಸ್ತಕಾನೇ ಕೊಡ್ತಾರೆ ಅಂತ ಕಾಯಬೇಡಿ, ಸಾಮಾನ್ಯವಾಗಿ ಕೊಡೋದು ಅದರ ಬದಲಿಗೆ ಒಂದು ಪ್ರಮಾಣಪತ್ರ, ಸೇರಿದ್ದು ಬಿಟ್ಟಿದ್ದು ಕಾರಣ ರ‍್ಯಾಂಕ್ ಎಲ್ಲ ಅದರಲ್ಲಿರುತ್ತೆ, ಎಲ್ಲ ಕಡೆ ನಡೆಯುತ್ತೆ. ಸೀದಾ ಬೆಂಗಳೂರಿಗೇ ಹೋಗಿ ಕೊಡೋಣ ಅಂತ ನಿಮಗನ್ಸುತ್ತೆ, ಹೋಗ್ಬಹುದು, ಆದ್ರೆ ಜಿಲ್ಲಾ ಕಚೇರಿಯ ಕವರಿಂಗ್ ಲೆಟರ್ ಇದ್ದ ಅರ್ಜಿಗೆ ಉತ್ತರ ಬೇಗ ಬರುತ್ತೆ, ಇದು ನನ್ನ ಅನುಭವ. ಅದು ಬರೋವರೆಗೆ ಕೈ ಕಟ್ಟಿ ಕೂರ್ಬೇಕಾಗಿಲ್ಲ, ಪಿಪಿಒಲಿ ಸರ್ವಿಸ್ ಅವಧಿ, ಡಿಸ್ಚಾರ್ಜ್ ತಾರೀಖು, ಪೆನ್ಷನ್ ಯಾವ ಬಗೆ ಅಂತ ಇರುತ್ತೆ, ಅದರ ಮೇಲೇನೇ ಗುರುತಿನ ಚೀಟಿಗೆ ಅರ್ಜಿ ತಗೊಳ್ಳಿ ಅಂತ ಹಾಸನದ ಕಚೇರಿಲಿ ಕೇಳಿ ನೋಡಿ.

ಪಿಪಿಒ ವಿಷಯದಲ್ಲಿ ಒಂದು ಗೊಂದಲ ಆಗೋದಿದೆ. 2021ರಿಂದ ಡಿಫೆನ್ಸ್ ಪೆನ್ಷನ್ ಬ್ಯಾಂಕಿಂದ ಸ್ಪರ್ಶ್ ಅನ್ನೋ ಸಿಸ್ಟಮ್‌ಗೆ ಹೋಗೋಕೆ ಶುರುವಾಯ್ತು, ಅಲ್ಲಿ ಪಿಪಿಒ ನಂಬರ್ ಹೊಸದು. ಹಳೇ ಕಾಗದದಲ್ಲಿ ಒಂದು ನಂಬರ್, ಹೊಸದ್ರಲ್ಲಿ ಒಂದು ನಂಬರ್ ಅಂತ ಎಷ್ಟೋ ಜನ ಗಾಬರಿ ಆಗಿ ಬಂದಿದ್ರು. ಎರಡೂ ಒಬ್ಬರದ್ದೇ, ಎರಡರ ಕಾಪಿನೂ ಹಾಕಿ. ಆದ್ರೆ ಸ್ಪರ್ಶ್‌ನಲ್ಲಿ ತಂದೆಯವರ ಡೇಟಾ ವೆರಿಫಿಕೇಶನ್ ಆಗಿದ್ಯಾ, ಅದರಲ್ಲಿ ಅಮ್ಮನ ಹೆಸರು ಏನಂತ ಇದೆ, ಇದನ್ನ ಇವತ್ತೇ ಲಾಗಿನ್ ಆಗಿ ನೋಡಿ.

ಯಾಕಂದ್ರೆ ನನ್ನ ಪ್ರಕಾರ ನಿಮ್ಮ ಮನೆಯ ದೊಡ್ಡ ಸಮಸ್ಯೆ ಪುಸ್ತಕ ಅಲ್ಲ, ಜಮೀನೂ ಅಲ್ಲ, ಅಮ್ಮನ ಹೆಸರು. ಪುಸ್ತಕ ಹೋದ್ರೆ ಫೈಲಿದೆ. ಫೈಲಲ್ಲೇ ಹೆಸರು ಬೇರೆ ಇದ್ರೆ? ನಾಳೆ ತಂದೆಗೆ ಏನಾದ್ರೂ ಆದ್ರೆ, ದೇವರು ನೂರು ವರ್ಷ ಕೊಡ್ಲಿ, ಫ್ಯಾಮಿಲಿ ಪೆನ್ಷನ್ ಹೋಗ್ಬೇಕಾಗಿರೋದು ಜಯಮ್ಮಂಗೆ, ಬ್ಯಾಂಕಲ್ಲಿ ನಿಂತಿರೋರು ಜಯಲಕ್ಷ್ಮಿ. ತಿಂಗಳುಗಟ್ಟಲೆ ಪೆನ್ಷನ್ ನಿಂತು, ನಾನೇ ಅವರ ಹೆಂಡತಿ ಅಂತ ಸಾಬೀತು ಮಾಡೋಕೆ ಸಾಕ್ಷಿ ಹುಡುಕ್ತಾ ಅಲೆದ ತಾಯಂದ್ರನ್ನ ನೋಡಿದೀನಿ. ನಮ್ಮ ಕಡೆ ಇದು ಜಾಸ್ತಿ, ಮನೇಲಿ ಕರೆಯೋ ಹೆಸರು ಒಂದು, ಮದುವೆಲಿ ಇಟ್ಟ ಹೆಸರು ಒಂದು, ಆಧಾರ್ ಮಾಡ್ಸೋವಾಗ ಆಪರೇಟರ್ ಹೊಡೆದದ್ದು ಒಂದು. ಗಂಡಸರದ್ದೂ ಕಮ್ಮಿ ಇಲ್ಲ. ನಮ್ಮ ಇನಿಷಿಯಲ್ ಪದ್ಧತಿ ಆರ್ಮಿಗೆ ಅರ್ಥಾನೇ ಆಗಲ್ಲ, ಊರಿನ ಹೆಸರು ಅಪ್ಪನ ಹೆಸರು ಎಲ್ಲ ಎಳೆದು ಉದ್ದ ಮಾಡಿ ಬರೆದಿರ್ತಾರೆ ಇಲ್ಲಾ ಎರಡನ್ನೂ ಬಿಟ್ಟಿರ್ತಾರೆ.

ಸೈನಿಕ ಸರ್ವಿಸ್‌ನಲ್ಲಿ ಇರೋವಾಗ ಮದುವೆ, ಮಗು ಹುಟ್ಟಿದ್ದು ಎಲ್ಲ ಪಾರ್ಟ್ ಟೂ ಆರ್ಡರ್ ಅಂತ ಹೊರಡಿಸಿ ಫೈಲಿಗೆ ಏರಿಸ್ತಾರೆ. ಅವತ್ತು ನಿಮ್ಮಪ್ಪ ಯೂನಿಟ್ ಕ್ಲರ್ಕ್ ಮುಂದೆ ಜಯಮ್ಮ ಅಂದ್ರು, ಅವನು ಹಂಗೇ ಬರೆದ. ಸರಿ ಮಾಡೋಕೆ ಎರಡು ದಾರಿ. ಒಂದು, ಅಮ್ಮನ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲಾನೂ ಆರ್ಮಿ ಹೆಸರಿಗೆ ತಿರುಗಿಸೋದು. ಸುಲಭ ಅನ್ಸುತ್ತೆ, ಆದ್ರೆ ಒಂದು ಬದಲಾಯಿಸಿದ್ರೆ ಇನ್ನೊಂದು ತಪ್ಪುತ್ತೆ, ನಿಮ್ಮಿಬ್ಬರ ಮಾರ್ಕ್ಸ್ ಕಾರ್ಡಲ್ಲಿ ತಾಯಿ ಹೆಸರು ಏನಿದೆ ಅಂತಾನೂ ನೋಡ್ಬೇಕು. ಎರಡನೇದು, ಎರಡೂ ಹೆಸರು ಒಬ್ಬರದ್ದೇ ಅಂತ ಅಫಿಡವಿಟ್, ಮದುವೆ ದಾಖಲೆ, ಆಧಾರ್ ಹಚ್ಚಿ ರೆಕಾರ್ಡ್ ಆಫೀಸಿಗೆ ಕಳಿಸಿ ಅಲ್ಲೇ ಹೆಸರು ತಿದ್ದಿಸಿ, ಆಮೇಲೆ ಪಿಪಿಒಗೂ ತಿದ್ದುಪಡಿ ಬರೋ ಹಂಗೆ ಮಾಡೋದು. ಆರು ತಿಂಗಳು ವರ್ಷ ಹಿಡೀಬಹುದು, ಇನ್ನೊಂದು ಕಾಗದ ಕೊಡಿ ಅಂತ ಒಂದೆರಡು ಸಲ ವಾಪಸ್ಸೂ ಬರಬಹುದು. ಆದ್ರೂ ನಾನು ಹೇಳೋದು ಇದನ್ನೇ, ಬೇರು ಸರಿ ಮಾಡಿದ್ರೆ ಕೊಂಬೆ ತಾನಾಗೇ ಸರಿ ಹೋಗುತ್ತೆ. ಬರೀ ನೋಟರಿ ಅಫಿಡವಿಟ್ ಮಾಡಿಸಿ ಜೇಬಲ್ಲಿ ಇಟ್ಕೊಂಡು ಕೇಳ್ದಾಗ ತೋರಿಸ್ತೀವಿ ಅಂತ ಕೆಲವರು ಕಾಲ ಹಾಕ್ತಾರೆ, ಒಂದು ಆಫೀಸಲ್ಲಿ ನಡೆಯುತ್ತೆ ಇನ್ನೊಂದರಲ್ಲಿ ನಡೆಯಲ್ಲ, ಕೊನೆಗೆ ಬೇಕೇ ಬೇಕಾದಾಗ ಕೈ ಕೊಡುತ್ತೆ.

ಮೂರನೇ ದಾರಿ ಒಂದಿದೆ, ಅದನ್ನ ಬೇಡ ಅನ್ನೋಕೇ ಹೇಳ್ತಿದೀನಿ. ಕಚೇರಿ ಹೊರಗೆ, ಕ್ಯಾಂಟೀನ್ ಕ್ಯೂಲಿ ಎಲ್ಲ ನಾನು ಮಾಡಿಸಿಕೊಡ್ತೀನಿ ಅಂತ ಬರೋರು ಇರ್ತಾರೆ, ಡಿಸ್ಚಾರ್ಜ್ ಬುಕ್ ಹೊಸದು, ಕಾರಣದ ಕಾಲಂ ಬದಲಾಯಿಸೋದು, ಕಾರ್ಡು, ಎಲ್ಲಕ್ಕೂ ರೇಟು. ನಿಮ್ಮ ಅತ್ತೆ ಮಗನಂಥ ಹುಡುಗರು ಬೀಳೋದು ಇಲ್ಲೇ. ಕೆಲಸಕ್ಕೆ ತಗೊಂಡ ಇಲಾಖೆ ಆ ಪುಸ್ತಕ ಅಸಲಿಯಾ ಅಂತ ರೆಕಾರ್ಡ್ ಆಫೀಸಿಗೇ ಪತ್ರ ಬರೆದು ಕೇಳುತ್ತೆ, ಫೈಲ್ ತೆಗೆದು ನೋಡಿ ಉತ್ತರ ಬರೆಯೋ ಟೇಬಲ್‌ನಲ್ಲಿ ನಾನೇ ಕೂತಿದ್ದೆ. ಕೆಲವು ಸಲ ಕೆಲಸಕ್ಕೆ ಸೇರಿ ವರ್ಷ ಆದ್ಮೇಲೆ ಉತ್ತರ ಹೋಗುತ್ತೆ, ಆಗ ಕೆಲಸಾನೂ ಹೋಗುತ್ತೆ ಕ್ರಿಮಿನಲ್ ಕೇಸೂ ಬೀಳುತ್ತೆ. ಕಳಿಸಿದ ಅರ್ಜಿ ಎಲ್ಲಿದೆ ಅಂತ ತಿಳಿಯೋಕೆ ಬ್ರೋಕರ್ ಬೇಡ, ತಂದೆ ತಮ್ಮ ಸ್ವಂತ ದಾಖಲೆ ಬಗ್ಗೆ 10 ರೂಪಾಯಿ ಫೀ ಕಟ್ಟಿ ಆರ್‌ಟಿಐ ಹಾಕಿದ್ರೆ ಸಾಕು, ರೆಕಾರ್ಡ್ ಆಫೀಸ್‌ಗಳಿಗೂ ಅದು ಅನ್ವಯಿಸುತ್ತೆ.

ತಂಗಿ ಸಿಇಟಿ ವಿಷಯಕ್ಕೆ ಟೈಮ್ ಕಮ್ಮಿ ಇದೆ, ಮೊದ್ಲು ಅದನ್ನ ಹಿಡೀರಿ. ಡಿಸ್ಚಾರ್ಜ್ ಆದ್ಮೇಲೆ ಹುಟ್ಟಿದ ಮಗು ಅಂತ ಯಾರೂ ಹೊರಗಿಡಲ್ಲ, ಹೆಸರಿಲ್ಲ ಅಂದ್ರೆ ಸೇರಿಸಬೇಕು ಅಷ್ಟೆ. ಅವಳ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಗೊಂಡು ತಂದೆ ಗುರುತಿನ ಚೀಟಿಗೆ ಅರ್ಜಿ ಕೊಡೋವಾಗ್ಲೇ ಮಕ್ಕಳ ಹೆಸರಲ್ಲಿ ಬರೆಸಿ, ಜೊತೆಗೇ ರೆಕಾರ್ಡ್ ಆಫೀಸಿಗೂ ಅವಳ ಹೆಸರು ಏರಿಸೋಕೆ ಅರ್ಜಿ ಹೋಗ್ಲಿ. ಆ ದಾಖಲೆಗಳಲ್ಲಿ ತಾಯಿ ಹೆಸರು ಏನಿದೆ ನೋಡಿ, ಅಲ್ಲಿ ಮತ್ತೆ ಅದೇ ಜಯಮ್ಮ ಜಯಲಕ್ಷ್ಮಿ ಬರುತ್ತೆ, ಈ ಸಲಕ್ಕೆ ಮಾತ್ರ ಅಫಿಡವಿಟ್‌ನಲ್ಲಿ ದಾಟಿಸ್ಕೊಳ್ಳಿ ಅಂತ ಕಚೇರಿಲಿ ಕೇಳ್ಕೊಳ್ಳಿ. ಸಿಇಟಿ ಅರ್ಜಿ ತುಂಬೋವಾಗ ಎಕ್ಸ್ ಡಿಫೆನ್ಸ್ ಅನ್ನೋ ಕಾಲಂ ಬಿಡಬಾರ್ದು, ಆಮೇಲೆ ನೆನಪಾಯ್ತು ಅಂದ್ರೆ ಕಷ್ಟ. ಸೀಟು ಗ್ಯಾರಂಟಿ ಅಂತ ಅನ್ಕೋಬೇಡಿ ಮಾತ್ರ. ಆ ಕೋಟಾ ಒಳಗೂ ಆದ್ಯತೆ ಸಾಲಿದೆ, ಯುದ್ಧದಲ್ಲಿ ತೀರ್ಕೊಂಡವರ ಮಕ್ಕಳು, ಅಂಗವಿಕಲರಾದವರ ಮಕ್ಕಳು, ಶೌರ್ಯ ಪದಕದವರ ಮಕ್ಕಳು ಮುಂದೆ, ನಮ್ಮಂಥವರ ಮಕ್ಕಳು ಹಿಂದೆ. ಅದು ನ್ಯಾಯಾನೇ.

ನಿಮ್ಮದು. ಮದುವೆ ಆದ ಮಗಳಿಗೆ ಕಾರ್ಡ್ ಇಲ್ಲ ಅಂತ ನಾವು ಕೂಡ ವರ್ಷಾನುಗಟ್ಟಲೆ ವಾಪಸ್ ಕಳಿಸಿದೀವಿ, ಗೈಡ್‌ಲೈನ್ ಹಂಗಿತ್ತು. ಮಗ ಮದುವೆ ಆದ್ರೂ ಮಗನೇ, ಮಗಳು ಮದುವೆ ಆದ್ರೆ ಹೊರಗಿನವಳು. 2023ರ ಜನವರಿಲಿ ನಮ್ಮ ಕರ್ನಾಟಕ ಹೈಕೋರ್ಟ್ ಅದನ್ನ ತೆಗೆದು ಹಾಕ್ತು, ಪಾಕ್ ಗಡಿಲಿ ಸೈನ್ಯ ಜಮಾಯಿಸಿದ್ದ ಆಪರೇಷನ್ ಪರಾಕ್ರಮ್‌ನಲ್ಲಿ ತೀರ್ಕೊಂಡ ಸುಬೇದಾರ್ ಒಬ್ಬರ ಮಗಳ ಕೇಸು ಅದು, ಮದುವೆ ಅನ್ನೋ ಕಾರಣಕ್ಕೆ ಕಾರ್ಡ್ ಇಲ್ಲ ಅನ್ನೋದು ಸಂವಿಧಾನದ ಸಮಾನತೆಗೆ ವಿರುದ್ಧ ಅಂತ. ಅದಕ್ಕೆ ಕೌಂಟರ್‌ನಲ್ಲಿ ಯಾರಾದ್ರೂ ಹಳೇ ಮಾತೇ ಹೇಳಿದ್ರೆ ಈ ತೀರ್ಪು ನೆನಪಿಸಿ, ಲಿಖಿತದಲ್ಲೇ ಉತ್ತರ ಕೇಳಿ. ಆದ್ರೆ ಕಾರ್ಡ್ ಸಿಕ್ರೆ ಕೆಲಸದಲ್ಲಿ ಮೀಸಲಾತಿ ಸಿಕ್ತು ಅಂತಲ್ಲ. ಕೇಂದ್ರದ ಕೆಲಸದಲ್ಲಿ ಗ್ರೂಪ್ ಸಿಗೆ 10 ಪರ್ಸೆಂಟ್ ಅಂತ ಇರೋದು ಮಾಜಿ ಸೈನಿಕರಿಗೆ, ಮನೆಯವರಿಗೆ ಬರೋ ಭಾಗ ತೀರ್ಕೊಂಡವರ, ತೀವ್ರ ಅಂಗವಿಕಲರಾದವರ ಕುಟುಂಬಕ್ಕೆ. ನಿಮ್ಮ ತಂದೆ ದೇವರ ದಯೆಯಿಂದ ಆರೋಗ್ಯವಾಗಿ ಬಂದವರು. ಈ ಮೀಸಲಾತಿ ಮಾಜಿ ಸೈನಿಕರಿಗೂ ಜೀವನಪೂರ್ತಿ ಅಲ್ಲ, ಅದರಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಖಾಯಂ ಆಗಿ ಸೇರಿದ್ರೆ ಅಲ್ಲಿಗೆ ಮುಗೀತು, ಸೇರೋಕೆ ಮುಂಚೆ ಬೇರೆ ಕಡೆ ಅರ್ಜಿ ಹಾಕಿದ್ರೆ ಅದನ್ನ ಬರೆದು ಕೊಟ್ಟಿದ್ರೆ ಮಾತ್ರ ಆ ಅರ್ಜಿಗಳು ಉಳೀತವೆ, 2014ರಿಂದ ಹಿಂಗಿದೆ.

ಜಮೀನು ಕೊನೆಗೆ ಇಟ್ಟೆ, ಯಾಕಂದ್ರೆ ಅದು ಆಗೋದೂ ಕೊನೆಗೇ. 1969ರ ಭೂ ಮಂಜೂರಾತಿ ನಿಯಮದಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಪಾಲಿದೆ, ಆದ್ರೆ ಕೊಡೋಕೆ ಸರ್ಕಾರಿ ಜಮೀನು ಇರ್ಬೇಕಲ್ಲ ತಾಲೂಕಲ್ಲಿ, ನಿಮ್ಮ ಹತ್ರ ಈಗಾಗ್ಲೇ ಎಷ್ಟಿದೆ ಅಂತಾನೂ ನೋಡ್ತಾರೆ. ಕಾರ್ಡ್ ಇದ್ರೆ ಸಾಲಲ್ಲಿ ನಿಲ್ಲಬಹುದು ಅಷ್ಟೆ, ಸಾಲು ಉದ್ದ ಇದೆ.

ಹಾಸನಕ್ಕೆ ನೀವೊಬ್ಬರೇ ಹೋಗಬೇಡಿ, ತಂದೆಯವರನ್ನೇ ಕರ್ಕೊಂಡು ಹೋಗಿ, ಅಸಲಿ ಕಾಗದ ಎಲ್ಲ ಇರ್ಲಿ. ಅರ್ಜಿಲಿ ಆರ್ಮಿ ನಂಬರ್ ಬರೆಯೋವಾಗ ಕೊನೇಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ, ಮಕ್ಕಳು ತುಂಬೋ ಅರ್ಜಿಲಿ ಯಾವಾಗ್ಲೂ ಬಿಟ್ಟು ಹೋಗೋದು ಅದೇ, ಅದಿಲ್ದೆ ಎಷ್ಟೋ ಅರ್ಜಿ ನಾನೇ ವಾಪಸ್ ಕಳಿಸಿದೀನಿ. ಪುಸ್ತಕದ ಆ ಪುಟ ಗೆದ್ದಲು ತಿಂದಿದ್ರೂ ಚಿಂತೆ ಇಲ್ಲ, ಅವರನ್ನೇ ಕೇಳಿ, ಅಕ್ಷರ ಸೇರಿಸಿ ಒಂದೇ ಉಸಿರಲ್ಲಿ ಹೇಳ್ತಾರೆ.